ತನ, ತ್ವ, ಗಿರಿ: ಭಾವನಾಮಗಳ ವಂಶವೃತ್ತಾಂತ

1817ನೆಯ ಇಸವಿ ನವೆಂಬರ್ 5ರಂದು ಖಡಕಿಯ ಬಯಲಿನಲ್ಲಿ ನಡೆದ ಕಾಳಗದಲ್ಲಿ ಬಾಪೂ ಗೋಖಲೆಯ ನೇತೃತ್ವದ ಮರಾಠಾ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ದಂಡಿನೆದುರು ಹಿಂಜರಿಯಿತು. ಮರುವರ್ಷ, 1818ರಲ್ಲಿ, ಎರಡನೆಯ ಬಾಜೀರಾಯನು ಕಂಪನಿಗೆ ಶರಣಾದನು. ಸೋತವನು ಪೇಶವೆ, ಮುಗಿದುಹೋದದ್ದು ಪೇಶವಾಯಿ. ಒಬ್ಬ ಪೇಶವೆ ಹೋದರೆ ಮತ್ತೊಬ್ಬ ಪೇಶವೆ ಬಂದಾನು. ಪೇಶವಾಯಿಯೇ ಹೋದ ಮೇಲೆ ಬರುವವನಿಗೆ ಕುಳಿತುಕೊಳ್ಳಲು ಗಾದಿಯೇ ಇಲ್ಲ. ಈ ಎರಡು ಮಾತುಗಳ ನಡುವೆ ಇರುವ ಅಂತರ ಒಂದು ಚಿಕ್ಕ ಪ್ರತ್ಯಯದಷ್ಟು ಮಾತ್ರ. ಆ ಪ್ರತ್ಯಯ ವ್ಯಕ್ತಿಯ ಹೆಸರನ್ನು ತೆಗೆದುಕೊಂಡು ಒಂದು ಅಧಿಕಾರದ, ಒಂದು ಸ್ಥಿತಿಯ, ಒಂದು ಕಾಲದ ಹೆಸರನ್ನಾಗಿ ಮಾಡಿಬಿಡುತ್ತದೆ. ಇಂಥ ಮಾತುಗಳನ್ನೇ ನಮ್ಮ ಶಾಲೆಯ ವ್ಯಾಕರಣಗಳು ಭಾವನಾಮಗಳೆಂದು ಕರೆಯುತ್ತವೆ. ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಗುಣ, ಸ್ಥಿತಿ, ಕ್ರಿಯೆಗಳ ಹೆಸರುಗಳು ಇವು.

ಅದೇ ದಿನ ಪುಣೆಯ ಸಂಗಮದ ಬಳಿ ಇದ್ದ ರೆಸಿಡೆನ್ಸಿಗೆ ಬೆಂಕಿ ಬಿತ್ತು; ರೆಸಿಡೆಂಟ್ ಎಲ್ಫಿನ್‌ಸ್ಟನ್ ಅದನ್ನು ಬಿಟ್ಟು ಖಡಕಿಯ ದಂಡನ್ನು ಸೇರಿಕೊಂಡಿದ್ದನು. ಕಟ್ಟಡ ಸುಟ್ಟುಹೋದರೂ ಆ ಬಗೆಯ ಮಾತುಗಳು ನಿಂತವು. ಪೇಶವಾಯಿ ಇದ್ದ ಜಾಗಕ್ಕೆ ಪ್ರೆಸಿಡೆನ್ಸಿ ಬಂತು, ಕಲೆಕ್ಟರೇಟು ಬಂತು, ಖಡಕಿಗೆ ಕ್ಯಾಂಟೋನ್‌ಮೆಂಟು ಬಂತು. ಧಾರವಾಡ, ಬೆಳಗಾವಿ, ಬಿಜಾಪುರ ಸೀಮೆಗಳು ಮುಂದೆ ಮುಂಬಯಿ ಪ್ರೆಸಿಡೆನ್ಸಿಯ ಅಂಗಗಳಾಗಿ, 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತದಲ್ಲೇ ಉಳಿದವು. ಆ ಸೀಮೆಯ ಕನ್ನಡಿಗರು ಓದಿಗಾಗಿ, ನೌಕರಿಗಾಗಿ ಪುಣೆಯ ದಾರಿ ಹಿಡಿದುದಕ್ಕೆ ಈ ಇತಿಹಾಸವೂ ಒಂದು ಕಾರಣ.

ಇಂದು ಖಡಕಿಯಲ್ಲೂ ಸುತ್ತಲಿನ ಪೇಟೆಗಳಲ್ಲೂ ನೆಲಸಿರುವ ನಾವು ದಿನ ಬೆಳಗಾದರೆ ಮೂರು ನಾಲ್ಕು ನುಡಿಗಳ ಭಾವನಾಮಗಳನ್ನು ನಾಲಗೆಯ ಮೇಲೆ ಹೊರಳಿಸುತ್ತೇವೆ. ಮನೆಯಲ್ಲಿ ಗೆಳೆತನ, ಬೀದಿಯಲ್ಲಿ ದೋಸ್ತಿ, ಸಭೆಯಲ್ಲಿ ಮೈತ್ರಿ, ಆಫೀಸಿನಲ್ಲಿ ಫ್ರೆಂಡ್‌ಷಿಪ್. ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ. ಪ್ರತ್ಯಯಗಳು ಮಾತ್ರ ನಾಲ್ಕು ಊರಿನವು. ಇವು ಎಲ್ಲಿಂದ ಬಂದವು, ನಮ್ಮ ನುಡಿಯಲ್ಲಿ ಏನು ಕೆಲಸ ಮಾಡುತ್ತಿವೆ ಎಂಬುದನ್ನು ನೋಡಿದರೆ, ನಮ್ಮ ಮಕ್ಕಳ ಕನ್ನಡದ ಬಗೆಗೆ ನಮಗಿರುವ ಕಳವಳಕ್ಕೂ ಸ್ವಲ್ಪ ಬೆಳಕು ದೊರೆಯುತ್ತದೆ.

ಇಂಗ್ಲೀಷಿನ ಎರಡು ಮನೆತನಗಳು

ಮೊದಲು ಇಂಗ್ಲೀಷನ್ನೇ ನೋಡೋಣ. ಅದರ ಭಾವವಾಚಕ ಪ್ರತ್ಯಯಗಳಲ್ಲಿ ಎರಡು ಮನೆತನಗಳಿವೆ. ಒಂದು ಅದರ ಹುಟ್ಟು ಮನೆತನ: ನೆಸ್, ಹುಡ್, ಷಿಪ್, ಡಮ್. ಇವುಗಳಲ್ಲಿ ಕೆಲವು ಒಂದು ಕಾಲಕ್ಕೆ ಪ್ರತ್ಯಯಗಳೇ ಆಗಿರಲಿಲ್ಲ, ಸ್ವತಂತ್ರ ಶಬ್ದಗಳಾಗಿದ್ದವು. ಹಳೆಯ ಇಂಗ್ಲೀಷಿನಲ್ಲಿ ‘ಹಾದ್’ ಎಂದರೆ ಅಂತಸ್ತು, ಸ್ಥಿತಿ. ಅದೇ ಸವೆದು ಚೈಲ್ಡ್‌ಹುಡ್, ಮದರ್‌ಹುಡ್‌ಗಳ ಬಾಲವಾಯಿತು. ‘ದೋಮ್’ ಎಂದರೆ ತೀರ್ಪು, ಕಟ್ಟಳೆ. ಅದರಿಂದ ಕಿಂಗ್‌ಡಮ್, ಫ್ರೀಡಮ್. ಷಿಪ್ ಎಂಬುದು ಆಕಾರ ಎಂಬರ್ಥದ ಷೇಪ್ ಶಬ್ದದ ಬಂಧು. ಇವುಗಳ ಜೊತೆಗೆ ವಾರ್ಮ್‌ತ್, ಟ್ರೂತ್, ಡೆಪ್ತ್ ಮಾತುಗಳ ಕೊನೆಯಲ್ಲಿರುವ ‘ತ್’ ಎಂಬ ಬಹು ಹಳೆಯ ಪ್ರತ್ಯಯವೊಂದಿದೆ. ಅದಕ್ಕೆ ಈಗ ವಯಸ್ಸಾಗಿದೆ; ಹೊಸ ಮಾತುಗಳನ್ನು ಹಡೆಯುವ ಶಕ್ತಿ ಉಳಿದಿಲ್ಲ.

ಎರಡನೆಯದು ಹೊರಗಿನಿಂದ ಬಂದ ಮನೆತನ. 1066ರಲ್ಲಿ ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಯ ಅರಮನೆ, ನ್ಯಾಯಾಲಯ, ಮಠಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳು ಬಹುಕಾಲ ಆಳಿದವು. ನ್ಯಾಯಾಲಯದ ವಾದಗಳು ಇಂಗ್ಲೀಷಿನಲ್ಲಿ ನಡೆಯಬೇಕೆಂಬ ಕಾಯಿದೆ ಆದದ್ದು 1362ರಲ್ಲಿ. ಅಂದರೆ ಸುಮಾರು ಮುನ್ನೂರು ವರ್ಷಗಳ ತರುವಾಯ. ಆ ಅವಧಿಯಲ್ಲೂ ಅನಂತರವೂ ಮೆಂಟ್, ಷನ್, ಟಿ, ಅನ್ಸ್ ಮೊದಲಾದ ಪ್ರತ್ಯಯಗಳನ್ನು ಹೊತ್ತ ಸಾವಿರಾರು ಶಬ್ದಗಳು ಇಂಗ್ಲೀಷಿಗೆ ನುಗ್ಗಿದವು. ಗ್ರೀಕಿನ ‘ಇಸ್ಮೋಸ್’ ಲ್ಯಾಟಿನ್, ಫ್ರೆಂಚ್‌ಗಳನ್ನು ದಾಟಿ ಇಸಂ ಆಗಿ ಬಂತು. ಹೀಗಾಗಿ ಇಂಗ್ಲೀಷಿನಲ್ಲಿ ಎಷ್ಟೋ ಭಾವಗಳಿಗೆ ಜೋಡಿ ಹೆಸರುಗಳು: ಫ್ರೀಡಮ್ ಮತ್ತು ಲಿಬರ್ಟಿ, ಬ್ರದರ್‌ಹುಡ್ ಮತ್ತು ಫ್ರೆಟರ್ನಿಟಿ. ಒಂದರಲ್ಲಿ ಒಲೆಯ ಬಿಸುಪು, ಇನ್ನೊಂದರಲ್ಲಿ ಸಭೆಯ ಗಾಂಭೀರ್ಯ.

ಆದರೆ ಗಮನಿಸಬೇಕಾದ ಸಂಗತಿ ಇದಕ್ಕಿಂತ ಮುಂದಿನದು. ಎರಡು ಮನೆತನಗಳು ಬೇರೆ ಬೇರೆಯಾಗಿಯೇ ಉಳಿಯಲಿಲ್ಲ, ಬೀಗತನ ಬೆಳೆಸಿದವು. ಫ್ರೆಂಚಿನಿಂದ ಬಂದ ಜೆಂಟ್ಲ್ ಶಬ್ದಕ್ಕೆ ಊರಿನ ನೆಸ್ ಹತ್ತಿ ಜೆಂಟ್ಲ್‌ನೆಸ್ ಆಯಿತು. ಇತ್ತ ಊರಿನ ಸೆಟ್ಲ್ ಧಾತುವಿಗೆ ಪರಊರಿನ ಮೆಂಟ್ ಹತ್ತಿ ಸೆಟ್ಲ್‌ಮೆಂಟ್ ಆಯಿತು. ಹಸಿದು ಸಾಯುವ ಅರ್ಥದ ಸ್ಟಾರ್ವ್ ಎಂಬ ಅಪ್ಪಟ ದೇಸಿ ಧಾತುವಿಗೆ ಲ್ಯಾಟಿನ್ನಿನ ಏಷನ್ ಸೇರಿ ಸ್ಟಾರ್ವೇಷನ್ ಆಯಿತು. ಮೊದಲು ಇಡೀ ಶಬ್ದಗಳು ಬರುತ್ತವೆ. ಅಂಥವು ಸಾಕಷ್ಟು ಸೇರಿದ ಮೇಲೆ ಜನರ ಕಿವಿಗೆ ಬಾಲ ಬೇರೆ, ಬುಡ ಬೇರೆ ಎಂದು ಗೊತ್ತಾಗುತ್ತದೆ. ಆಮೇಲೆ ಆ ಬಾಲವನ್ನು ಕಿತ್ತು ತಮ್ಮ ಬುಡಕ್ಕೆ ಅಂಟಿಸುತ್ತಾರೆ. ಪ್ರತ್ಯಯಗಳು ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುವ ಬಗೆ ಇದು.

ಖಡಕಿಯ ನಾಮಫಲಕಗಳು

ಈ ಲ್ಯಾಟಿನ್ ಮನೆತನದ ಸಂತಾನವನ್ನು ನೋಡಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. ಖಡಕಿಯ ನಾಮಫಲಕಗಳೇ ಸಾಕು. ಕ್ಯಾಂಟೋನ್‌ಮೆಂಟ್ ಎಂಬುದು ಫ್ರೆಂಚ್ ಮಾತು. ದಂಡನ್ನು ಬಿಡಾರಗಳಲ್ಲಿ ಇರಿಸುವ ಕ್ರಿಯೆ ಎಂಬುದು ಅದರ ಭಾವಾರ್ಥ. ಕ್ರಿಯೆಯ ಹೆಸರು ಕಾಲಕ್ರಮದಲ್ಲಿ ಊರಿನ ಹೆಸರಾಯಿತು. ರೆಜಿಮೆಂಟ್ ಎಂದರೆ ಮೊದಲು ಆಳ್ವಿಕೆ, ಆಮೇಲೆ ಸೈನಿಕರ ಪಡೆ. ರೈಲು ನಿಲ್ಲುವ ಸ್ಟೇಷನ್ ‘ನಿಲ್ಲುವುದು’ ಎಂಬ ಲ್ಯಾಟಿನ್ ಭಾವನಾಮ.

1869ರಲ್ಲಿ ಸ್ಥಾಪನೆಯಾದ ಇಲ್ಲಿಯ ಅಮ್ಯುನಿಷನ್ ಫ್ಯಾಕ್ಟರಿಯ ಹೆಸರಿನಲ್ಲಂತೂ ಒಂದು ತಮಾಷೆ ಅಡಗಿದೆ. ಲ್ಯಾಟಿನ್ನಿನ ಮೂಲ ಶಬ್ದ ‘ಮುನಿಷಿಯೋ’, ಎಂದರೆ ಕೋಟೆ ಕಟ್ಟಿ ಭದ್ರಪಡಿಸುವುದು. ಫ್ರೆಂಚರಲ್ಲಿ ಅದರ ಹಿಂದೆ ‘ಲಾ’ ಎಂಬ ಉಪಪದ ಬರುತ್ತಿತ್ತು. ಆಡುಮಾತಿನಲ್ಲಿ ಅದನ್ನು ತಪ್ಪಾಗಿ ಒಡೆದು, ‘ಲಾ’ದ ಅಕಾರವನ್ನು ಮುಂದಿನ ಶಬ್ದಕ್ಕೆ ಅಂಟಿಸಿದರು, ಮುನಿಷನ್ ಹೋಗಿ ಅಮುನಿಷನ್ ಆಯಿತು. 2021ರಲ್ಲಿ ಸರ್ಕಾರ ಮದ್ದುಗುಂಡಿನ ಕಾರ್ಖಾನೆಗಳನ್ನೆಲ್ಲ ಕಂಪನಿಗಳಾಗಿ ಮಾರ್ಪಡಿಸಿದಾಗ ಖಡಕಿಯ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸಂಸ್ಥೆಗೆ ಸೇರಿತು. ಹೀಗೆ ಅಕಾರ ಹತ್ತಿಸಿಕೊಂಡ ಶಬ್ದವೂ ಅದನ್ನು ಹತ್ತಿಸಿಕೊಳ್ಳದ ಶಬ್ದವೂ ಒಂದೇ ಸೂರಿನಡಿ ಬಂದಂತಾಯಿತು. ಕಾರ್ಖಾನೆಗಳ ಹೆಸರಿನಲ್ಲಿ ಬರುವ ಆರ್ಡ್‌ನನ್ಸ್ ಎಂಬ ಮಾತೂ, ನಮ್ಮ ಪತ್ರಿಕೆಗಳು ಸುಗ್ರೀವಾಜ್ಞೆ ಎಂದು ಕನ್ನಡಿಸುವ ಆರ್ಡಿನನ್ಸ್ ಎಂಬ ಮಾತೂ ಮೂಲದಲ್ಲಿ ಒಂದೇ: ವ್ಯವಸ್ಥೆ ಮಾಡುವುದು ಎಂಬರ್ಥದ ಭಾವನಾಮ.

ಭಾವದ ಹೆಸರು ವಸ್ತುವಿನ ಹೆಸರಾಗುವ ಈ ಗುಣ ಇಂಗ್ಲೀಷಿಗೆ ಮಾತ್ರ ಮೀಸಲಲ್ಲ. ನಮ್ಮ ಮನೆತನ ಎಂಬ ಶಬ್ದವನ್ನೇ ನೋಡಿರಿ. ಮನೆಯ ಭಾವವೆಂದು ಹುಟ್ಟಿದ ಮಾತು ಈಗ ವಂಶದ ಹೆಸರು. ಮನೆತನಕ್ಕೆ ಹೊಲವಿರುತ್ತದೆ, ಸಾಲವಿರುತ್ತದೆ, ಮಾನವಿರುತ್ತದೆ.

ಕನ್ನಡದ ಪಿತ್ರಾರ್ಜಿತ

ಕನ್ನಡಕ್ಕೂ ಹುಟ್ಟಾಸ್ತಿಯಾದ ಪ್ರತ್ಯಯಗಳಿವೆ. ಹಿರಿಮೆ, ತಾಳ್ಮೆ, ಒಲುಮೆಗಳಲ್ಲಿರುವ ‘ಮೆ’ ತಮಿಳಿನ ‘ಮೈ’ಯ ಒಡಹುಟ್ಟು. ಹಳಗನ್ನಡದ ಪೆರ್ಮೆ ನಮ್ಮ ಬಾಯಲ್ಲಿ ಹೆಮ್ಮೆಯಾಯಿತು; ತಮಿಳರಲ್ಲಿ ಅದೇ ಪೆರುಮೈ. ಕಂಪು, ಇಂಪು, ತಂಪು, ನುಣುಪು, ಬಿಳುಪು, ನೆನಪುಗಳಲ್ಲಿ ‘ಪು’ ಇದೆ. ಕ್ರಿಯಾಪದಗಳಿಂದ ಹುಟ್ಟಿದವು ಇನ್ನೂ ಹೇರಳ: ನೋಟ, ಓಟ, ಕುಣಿತ, ಹೊಡೆತ, ಅರಿವು, ನೋವು, ನಂಬಿಕೆ, ನಡವಳಿಕೆ, ಬೆಳವಣಿಗೆ, ಮೆರವಣಿಗೆ. 13ನೆಯ ಶತಮಾನದಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ತದ್ಧಿತಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು.

ಈ ಪಿತ್ರಾರ್ಜಿತದಲ್ಲಿ ಎಲ್ಲವೂ ಇಂದು ಚಲಾವಣೆಯಲ್ಲಿಲ್ಲ. ‘ಇಕೆ’ ಇನ್ನೂ ಗಟ್ಟಿಯಾಗಿದೆ. ಗಣಿಗಾರಿಕೆ, ಹೈನುಗಾರಿಕೆಯಂಥ ಮಾತುಗಳನ್ನು ಹೊಸ ಕಾಲಕ್ಕೆ ಅದೇ ಕಟ್ಟಿಕೊಟ್ಟಿತು. ‘ಮೆ’ ಮಾತ್ರ ಇಂಗ್ಲೀಷಿನ ‘ತ್’ ಪ್ರತ್ಯಯದಂತೆ ಮಲಗಿತ್ತು. ಖಡಕಿಯಿಂದ ಹೋಳ್ಕರ್ ಸೇತುವೆ ದಾಟಿದರೆ ಸಿಗುವ ಡೆಕ್ಕನ್ ಕಾಲೇಜಿಗೂ ಕನ್ನಡ ಭಾಷಾಶಾಸ್ತ್ರಕ್ಕೂ ಹಳೆಯ ನಂಟಿದೆ. ಜಿ. ಎಸ್. ಗಾಯಿಯವರು ಶಾಸನಗಳ ಆಧಾರದ ಮೇಲೆ ಬರೆದ ಹಳಗನ್ನಡದ ಚಾರಿತ್ರಿಕ ವ್ಯಾಕರಣ 1946ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಅಲ್ಲಿಯೇ ಭಾಷಾವಿಜ್ಞಾನದ ಅಭ್ಯಾಸ ಮಾಡಿದ ಡಿ. ಎನ್. ಶಂಕರ ಭಟ್ಟರು, ಮಲಗಿರುವ ಇಂಥ ಕನ್ನಡ ಪ್ರತ್ಯಯಗಳನ್ನು ಎಬ್ಬಿಸಿ ಹೊಸ ಶಬ್ದಗಳನ್ನು ಕಟ್ಟಬಹುದೆಂದು ವಾದಿಸಿದರು. ವಿಜ್ಞಾನಕ್ಕೆ ‘ಅರಿಮೆ’ ಎಂದರು. ಇದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಮಲಗಿದ್ದ ಪ್ರತ್ಯಯದ ಕಡೆಗೆ ಕನ್ನಡಿಗರ ಗಮನವನ್ನು ಸೆಳೆದದ್ದಂತೂ ನಿಜ.

ತನ ಮತ್ತು ಪಣ

ಇನ್ನು ನಮ್ಮ ಬಹು ಬಳಕೆಯ ‘ತನ’ದ ವಿಚಾರ. ಬಡತನ, ಕಳ್ಳತನ, ಒಡೆತನ, ತಾಯ್ತನ, ಗೆಳೆತನ. ಇವುಗಳಿಗಿಂತ ಕನ್ನಡದ ಶಬ್ದಗಳು ಯಾವುವು ಎಂದು ಯಾರಾದರೂ ಕೇಳಿಯಾರು. ಆದರೆ ‘ತನ’ ಮೂಲತಃ ದ್ರಾವಿಡದ್ದಲ್ಲ, ಪ್ರಾಕೃತದಿಂದ ಬಂದದ್ದು ಎಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಋಗ್ವೇದದ ಭಾಷೆಯಲ್ಲಿ ‘ತ್ವನ’ ಎಂಬ ಪ್ರತ್ಯಯವಿತ್ತು. ಸಖಿತ್ವನ, ಮಹಿತ್ವನ ಎಂಬ ಮಾತುಗಳು ಅಲ್ಲಿ ಸಿಗುತ್ತವೆ. ಸಖಿತ್ವನ ಎಂದರೆ ಗೆಳೆತನವೇ! ಮುಂದಿನ ಸಂಸ್ಕೃತದಲ್ಲಿ ‘ತ್ವನ’ ಬಳಕೆ ತಪ್ಪಿ ‘ತ್ವ’ ಮುಂದಕ್ಕೆ ಬಂತು. ಆದರೆ ಜನರ ಬಾಯಲ್ಲಿ, ಅಂದರೆ ಪ್ರಾಕೃತಗಳಲ್ಲಿ, ‘ತ್ವನ’ ಸಾಯದೆ ಉಳಿಯಿತು. ಪ್ರಾಕೃತಗಳಲ್ಲಿ ಒತ್ತಕ್ಷರ ಸವೆಯುವಾಗ ಅದು ಎರಡು ದಾರಿ ಹಿಡಿಯಿತು: ಒಂದೆಡೆ ‘ತ್ತಣ’, ಇನ್ನೊಂದೆಡೆ ‘ಪ್ಪಣ’. 12ನೆಯ ಶತಮಾನದ ಜೈನ ವೈಯಾಕರಣ ಹೇಮಚಂದ್ರನು ಪ್ರಾಕೃತಕ್ಕೆ ‘ತ್ತಣ’ವನ್ನೂ ಅಪಭ್ರಂಶಕ್ಕೆ ‘ಪ್ಪಣ’ವನ್ನೂ ಹೇಳಿದ್ದಾನೆ.

‘ತ್ತಣ’ ದಕ್ಷಿಣಕ್ಕೆ ಬಂದು ಕನ್ನಡದ ‘ತನ’, ತೆಲುಗು, ತಮಿಳುಗಳ ‘ತನಂ’ ಆಯಿತು. ‘ಪ್ಪಣ’ವು ಹಿಂದಿಯ ಬಚಪನ್, ಪಾಗಲ್‌ಪನ್‌ಗಳಲ್ಲಿ ‘ಪನ್’ ಆಯಿತು. ಮರಾಠಿಯಲ್ಲಿ ‘ಪಣ’, ‘ಪಣಾ’ ಆಯಿತು. ನಾವು ದೊಡ್ಡತನ ಎನ್ನುತ್ತೇವೆ, ನೆರೆಮನೆಯವರು ಮೋಠೇಪಣಾ ಎನ್ನುತ್ತಾರೆ. ನಮ್ಮದು ತಾಯ್ತನ, ಅವರದು ಆಯೀಪಣ. ದೊಡ್ಡ, ತಾಯಿ ಎಂಬ ಬುಡಗಳು ನಮ್ಮವು. ಮೋಠಾ, ಆಯಿ ಎಂಬ ಬುಡಗಳು ಅವರವು. ಬಾಲಗಳು ಮಾತ್ರ ಒಬ್ಬ ತಾಯಿಯ ಎರಡು ಮಕ್ಕಳು. ಭಾಷೆಯ ಹೆಸರಿನಲ್ಲಿ ಗಡಿಯ ಎರಡೂ ಬದಿಗೆ ಬಿಸಿ ಏರಿದಾಗಲೆಲ್ಲ ಈ ಸಂಬಂಧವನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ತ್ವ, ತೆ ಮತ್ತು ಸೂತ್ರಕಾರ

ಸಂಸ್ಕೃತದ ‘ತ್ವ’ ಮತ್ತು ‘ತಾ’ ಪ್ರತ್ಯಯಗಳನ್ನು ಪಾಣಿನಿಯು ಒಂದೇ ಸೂತ್ರದಲ್ಲಿ ಜೊತೆಯಾಗಿ ವಿಧಿಸಿದ್ದಾನೆ. ‘ತ್ವ’ ಬಂದರೆ ನಪುಂಸಕಲಿಂಗ, ‘ತಾ’ ಬಂದರೆ ಸ್ತ್ರೀಲಿಂಗ; ಈ ‘ತಾ’ ಕನ್ನಡದಲ್ಲಿ ‘ತೆ’. ಇವಲ್ಲದೆ ಶಬ್ದದ ಮೊದಲ ಸ್ವರವನ್ನು ಹಿಗ್ಗಿಸಿ ಕೊನೆಗೆ ಯಕಾರವನ್ನು ಸೇರಿಸುವ ಮೂರನೆಯ ಕ್ರಮವೊಂದಿದೆ: ಸುಂದರ ಸೌಂದರ್ಯವಾಗುವುದು, ಪಂಡಿತ ಪಾಂಡಿತ್ಯವಾಗುವುದು ಹೀಗೆ. ಇಂಗ್ಲೀಷಿನ ಲಿಬರ್ಟಿ, ಈಕ್ವಾಲಿಟಿ, ಫ್ರೆಟರ್ನಿಟಿ ಮೂರಕ್ಕೂ ಒಂದೇ ‘ಟಿ’ ಸಾಕಾಯಿತು. ನಾವು ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ಮೂರು ಪ್ರತ್ಯಯಗಳನ್ನೂ ಕರೆತರುತ್ತೇವೆ.

ಸೌಜನ್ಯತೆ, ಪ್ರಾಮುಖ್ಯತೆ ಎಂದು ಬರೆಯಬಾರದು, ಭಾವದ ಮೇಲೆ ಮತ್ತೊಂದು ಭಾವ ಬಂದಿತು ಎಂದು ನಮ್ಮ ಪಂಡಿತರು ಎಚ್ಚರಿಸುತ್ತಲೇ ಇರುತ್ತಾರೆ. ವ್ಯಾಕರಣದ ದೃಷ್ಟಿಯಿಂದ ಅವರು ಹೇಳುವುದು ಸರಿಯೇ. ಆದರೆ ಜನ ಹಾಗೇಕೆ ಬರೆಯುತ್ತಾರೆ? ಆ ಯಕಾರ ಪ್ರತ್ಯಯವೆಂದು ಅವರ ಕಿವಿಗೆ ಕೇಳಿಸದು. ‘ತೆ’ ಮಾತ್ರ ಕೇಳಿಸುತ್ತದೆ. ಇಂಗ್ಲೀಷರೂ ಟ್ರೂತ್ ಎಂಬ ಭಾವನಾಮದ ಮೇಲೆ ಮತ್ತೆ ಎರಡು ಪ್ರತ್ಯಯ ಹೇರಿ ಟ್ರೂತ್‌ಫುಲ್‌ನೆಸ್ ಮಾಡಿಕೊಂಡವರು.

ಕವಿತ್ವ, ಪ್ರಭುತ್ವಗಳಂಥ ಸಂಸ್ಕೃತ ಮಾತುಗಳ ಬೆನ್ನೇರಿ ಬಂದ ‘ತ್ವ’ ಕನ್ನಡದಲ್ಲಿ ಬಿಡಿಯಾಗಿ ನಿಂತು ಅರಬ್ಬಿ ಮೂಲದ ಮಾಲೀಕನಿಗೂ ಹತ್ತಿಕೊಂಡಿತು, ಮಾಲೀಕತ್ವ ಹುಟ್ಟಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು ನಾಡಿನ ಹೆಸರಿಗೇ ಅದನ್ನು ಹಚ್ಚಿ ಕರ್ನಾಟಕತ್ವ ಎಂದರು. ಹರಿದು ಹಂಚಿಹೋಗಿದ್ದ ನಾಡಿಗೆ ನಕ್ಷೆಯಲ್ಲಿ ಹೆಸರಿಲ್ಲದಿದ್ದ ದಿನಗಳಲ್ಲಿ ಏಕೀಕರಣಕ್ಕಾಗಿ ದುಡಿದವರು ಅವರು. ನಾಡು ಒಂದಾಗುವ ಮೊದಲು ಅದರ ಭಾವ ಒಂದಾಗಬೇಕೆಂಬುದು ಅವರ ನಿಲುವು; ಅದಕ್ಕೆ ಬೇಕಾದ ಮಾತನ್ನು ಒಂದಕ್ಷರದ ಪ್ರತ್ಯಯವೊಂದು ಒದಗಿಸಿತು.

ಗಿರಿ, ಕಿ, ಶಾಹಿ

ಮುಸಲ್ಮಾನ ದೊರೆಗಳ ಆಳ್ವಿಕೆಯಲ್ಲಿ ಪಾರಸಿ ದಫ್ತರದ ಭಾಷೆಯಾಯಿತು. ಅದರ ಸಾಮಾನ್ಯ ಭಾವಪ್ರತ್ಯಯ ‘ಈ’: ದೋಸ್ತ ದೋಸ್ತಿಯಾದ, ನೌಕರ ನೌಕರಿ ಹಿಡಿದ, ಜಮೀನ್ದಾರನಿಗೆ ಜಮೀನ್ದಾರಿ ಬಂತು. ಮರಾಠಿಯ ಪೇಶವಾಯಿಯೂ ಇದೇ ಹಾದಿಯದು. ‘ಗೀರ್’ ಎಂದರೆ ಪಾರಸಿಯಲ್ಲಿ ಹಿಡಿದವನು; ಅದಕ್ಕೆ ‘ಈ’ ಸೇರಿ ‘ಗಿರಿ’. ಗುಮಾಸ್ತಗಿರಿ, ದಾದಾಗಿರಿಗಳಲ್ಲಿ ಈ ಪ್ರತ್ಯಯಕ್ಕೆ ಸ್ವಲ್ಪ ತಾತ್ಸಾರದ ವಾಸನೆ. ಆ ವಾಸನೆಯನ್ನೇ ಆಯುಧ ಮಾಡಿಕೊಂಡವರು ಪುಣೆಯ ಜೋತೀರಾವ್ ಫುಲೆಯವರು. 1873ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರೇ ಗುಲಾಮಗಿರಿ. ನೀಗ್ರೋ ಜನರ ದಾಸ್ಯವನ್ನು ಕೊನೆಗಾಣಿಸಿದ ಅಮೆರಿಕದ ಸಜ್ಜನರಿಗೆ ಅವರು ಅದನ್ನು ಅರ್ಪಿಸಿದರು. ದಾಸತ್ವ ಎಂದಿದ್ದರೆ ಆ ಚಾಟಿಯ ಪೆಟ್ಟು ಬೀಳುತ್ತಿರಲಿಲ್ಲ. 2006ರ ಹಿಂದಿ ಚಲನಚಿತ್ರವೊಂದು ಇದೇ ಪ್ರತ್ಯಯವನ್ನು ಮಹಾತ್ಮರ ಹೆಸರಿಗೆ ಹಚ್ಚಿ ಗಾಂಧಿಗಿರಿ ಎಂದಾಗ, ತಾತ್ಸಾರ ಹೋಗಿ ಅಕ್ಕರೆ ಬಂತು. ಪ್ರತ್ಯಯಗಳಿಗೂ ನಡತೆ ತಿದ್ದಿಕೊಳ್ಳಲು ಬರುತ್ತದೆ!

ಮರಾಠಿಯ ಪಾಟೀಲಕಿಯಲ್ಲಿರುವ ‘ಕಿ’ಯೂ ನಮ್ಮ ಉತ್ತರ ಕರ್ನಾಟಕದ ಗೌಡಕಿಯಲ್ಲಿರುವ ‘ಕಿ’ಯೂ ಕಿವಿಗೆ ಒಂದೇ. ನಮ್ಮ ಸೀಮೆಯವರು ನಂಬಿಕೆಯನ್ನು ನಂಬಿಕಿ, ತಿಳಿವಳಿಕೆಯನ್ನು ತಿಳುವಳಿಕಿ ಎನ್ನುವುದರಿಂದ ಇದು ಹೊರಗಿನದು, ಇದು ಒಳಗಿನದು ಎಂದು ಗೆರೆ ಎಳೆಯುವುದೇ ಕಷ್ಟ. ಪಾರಸಿಯ ‘ಶಾಹಿ’ಯೂ ಹೀಗೆಯೇ ಮನೆಯವನಾಗಿದ್ದಾನೆ. ಪುಣೆಯ ಮರಾಠಿ ಪತ್ರಿಕೆಯಲ್ಲಿ ಲೋಕಶಾಹಿ ಎಂದಿರುವುದು ನಮ್ಮ ಕನ್ನಡ ಪತ್ರಿಕೆಯಲ್ಲಿ ಪ್ರಜಾಪ್ರಭುತ್ವ. ಆದರೆ ಬಂಡವಾಳಶಾಹಿ, ಪುರೋಹಿತಶಾಹಿ ಎನ್ನುವಾಗ ನಾವೂ ಶ���ಹಿಯನ್ನೇ ಕರೆಯುತ್ತೇವೆ.

ಪ್ರತ್ಯಯಕ್ಕೆ ಕೆಲಸವಿರಲಿ

ಈ ವೃತ್ತಾಂತದಿಂದ ನಮಗೆ ತಿಳಿದುಬರುವುದೇನು? ಎರವಲು ತಂದುದರಿಂದ ಭಾಷೆ ಕೆಡುವುದಿಲ್ಲ. ‘ತನ’ವೇ ಎರವಲು, ಅದಿಲ್ಲದೆ ಕನ್ನಡವನ್ನು ಊಹಿಸಲಾರೆವು. ನಮ್ಮ ಹಿರಿಯರು ಮಾಸ್ತರನನ್ನು ಇಂಗ್ಲೀಷಿನಿಂದ ತಂದು ಮಾಸ್ತರಿಕೆ ಮಾಡಿದರು, ಡಾಕ್ಟರನನ್ನು ತಂದು ಡಾಕ್ಟರಿಕೆ ಮಾಡಿದರು. ಬುಡ ಪರರದಾದರೂ ಕಟ್ಟಿದ ಕೈ ಕನ್ನಡದ್ದು.

ಈಗ ನಡೆಯುತ್ತಿರುವುದು ಬೇರೆ. ನಾವು ಬುಡವನ್ನೂ ಬಾಲವನ್ನೂ ಕೂಡಿಯೇ ತರುತ್ತಿದ್ದೇವೆ. ಸಂಘದ ರಶೀದಿಯಲ್ಲಿ ಸದಸ್ಯತ್ವ ಎಂದು ಅಚ್ಚಾಗಿರುತ್ತದೆ. ಕೊಡುವವರೂ ಕೊಳ್ಳುವವರೂ ಮೆಂಬರ್‌ಷಿಪ್ ಎನ್ನುತ್ತಾರೆ. ಚೈಲ್ಡ್‌ಹುಡ್, ಲೀಡರ್‌ಷಿಪ್, ಲೋನ್ಲಿನೆಸ್ ಎಲ್ಲವೂ ಮೊಹರು ಒಡೆಯದ ಡಬ್ಬಿಗಳಂತೆ ಬರುತ್ತಿವೆ. ಅವುಗಳೆದುರು ‘ತನ’, ‘ಇಕೆ’, ‘ಮೆ’ಗಳಿಗೆ ಕೆಲಸವಿಲ್ಲ. ಇಂಥ ಡಬ್ಬಿಗಳು ಸಾಕಷ್ಟು ಸೇರಿದರೆ ಒಂದು ದಿನ ಷಿಪ್ ಬಿಡಿಯಾಗಿ ನಿಂತು ಗೌಡಷಿಪ್ ಹುಟ್ಟಲೂಬಹುದು. ಇಂಗ್ಲೀಷಿನಲ್ಲಿ ಮೆಂಟ್ ಹಾಗೆ ನಿಂತಿತಲ್ಲವೇ? ಆದರೆ ಇಂಗ್ಲೀಷಿನಲ್ಲಿ ಮೆಂಟ್ ಬಂದಾಗ ನೆಸ್ ಕೆಲಸ ಬಿಟ್ಟಿರಲಿಲ್ಲ. ಬಂದ ಫ್ರೆಂಚ್ ಶಬ್ದಗಳಿಗೆ ತಾನೂ ಹತ್ತಿಕೊಳ್ಳುತ್ತಲೇ ಇತ್ತು. ಆದುದರಿಂದಲೇ ಆ ಭಾಷೆ ಮುಳುಗದೆ ಬೆಳೆಯಿತು.

ಖಡಕಿಯಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲೀಷ್, ಅಂಗಳದಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎಂದು ಮೂರರಲ್ಲಿ ಈಜುವವರು. ಅವರ ಮಾತಿನಲ್ಲಿ ಎಷ್ಟು ಇಂಗ್ಲೀಷ್ ಶಬ್ದಗಳಿವೆ ಎಂದು ಎಣಿಸಿ ನಿಟ್ಟುಸಿರಿಡುವುದರಲ್ಲಿ ಅರ್ಥವಿಲ್ಲ. ಮಗು ‘ಅವನ ಸ್ಮಾರ್ಟ್‌ತನ ನೋಡು’ ಎಂದರೆ ನಗಬಾರದು, ಗದರಬಾರದು; ಆ ಮಗುವಿನ ಕನ್ನಡ ಜೀವಂತವಾಗಿದೆ, ಬಂದ ಶಬ್ದವನ್ನು ಹಿಡಿದು ತನ್ನ ಬಾಲ ಅಂಟಿಸುವಷ್ಟು ಗಟ್ಟಿಯಾಗಿದೆ. ‘ಸ್ಮಾರ್ಟ್‌ನೆಸ್’ ಎಂದಾಗ ಬೈಯದೆ ‘ಜಾಣತನ ಅಂತೀವಿ ನೋಡಪ್ಪ’ ಎಂದು ಪಕ್ಕದಲ್ಲಿ ಒಂದು ಕನ್ನಡ ಮಾತನ್ನು ಇಟ್ಟರೆ ಸಾಕು. ಸಂಘದ ಸಭೆಗಳಲ್ಲಿ ಸದಸ್ಯತ್ವವೆಂಬ ಅಚ್ಚಿನ ಮಾತನ್ನು ಬಾಯಿಂದಲೂ ಆಡಬೇಕು. ಪ್ರತ್ಯಯಗಳು ಕೆಲಸ ಮಾಡುತ್ತಿರುವಷ್ಟು ದಿನ ಭಾಷೆಗೆ ಭಯವಿಲ್ಲ. ಅವು ನಿರುದ್ಯೋಗಿಗಳಾದ ದಿನ ನಿಘಂಟು ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ.

ನಮ್ಮ ನೆರೆಯವರು ಮರಾಠೀಪಣವನ್ನು ಕಾಪಾಡಿಕೊಳ್ಳಬೇಕೆನ್ನುತ್ತಾರೆ; ನಾವು ಕನ್ನಡತನವನ್ನು ಉಳಿಸಿಕೊಳ್ಳಬೇಕೆನ್ನುತ್ತೇವೆ. ಆ ‘ಪಣ’ವೂ ಈ ‘ತನ’ವೂ ಒಂದೇ ಬಸಿರಿನವು. ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.